ನನ್ನ ಮಗಳ ನೂರಾ ಮೂರು

ಮಗಳನ್ನು ಮಣ್ಣು ಮಾಡಿ ಬಂದ ನಾಲ್ಕನೆಯ ದಿನ ಸಿಂಧನೂರಿನ ಕಾಲೇಜಿನಿಂದ ಇಬ್ಬರು ಮೇಷ್ಟ್ರು ಮಸ್ಕಿಯ ನಮ್ಮ ಮನೆಗೆ ಬಂದರು. ಒಬ್ಬರು ಕೆಮಿಸ್ಟ್ರಿ ವಿಭಾಗದ ಮುಖ್ಯಸ್ಥರು, ಇನ್ನೊಬ್ಬರು ಅವರ ಕೈಕೆಳಗಿನವರು. ಅವಳು ಬಿ.ಎಸ್ಸಿ. ಓದುತ್ತಿದ್ದದ್ದು ಅವರ ಹತ್ತಿರವೇ. ಚಾಪೆಯ ಮೇಲೆ ಕೂತು, ಕೊಟ್ಟ ನೀರು ಕುಡಿದರು. ಆಮೇಲೆ ಮುಖ್ಯಸ್ಥರು ನನ್ನ ಗಂಡನ ಕಡೆ ತಿರುಗಿ ಹೇಳಿದರು:

“ಆ ಪ್ರಾಕ್ಟಿಕಲ್ ವಿಷಯ ಮನಸಿಗೆ ಹಚ್ಕೋಬ್ಯಾಡ್ರಿ ಯಜಮಾನ್ರ. ಪರೀಕ್ಷಾಕ್ಕ ಬಂದಿದ್ದ ಸರ್‌ಗೆ ಹೇಳಿ ಎಲ್ಲಾ ಸರಿ ಮಾಡಿಸೀವಿ. ನೂರಾ ಮೂರು ತಗದು ತೊಂಬತ್ತೆರಡು ಹಾಕ್ಯಾರ. ನಿಮ್ಮ ಮಗಳು ಪಾಸ್ ಆಗ್ಯಾಳ್ರಿ.”

ನನ್ನ ಗಂಡ ಎರಡೂ ಕೈ ಮುಗಿದ. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು, “ಪುಣ್ಯಾ ಬರ್ತೈತಿ ನಿಮಗ” ಅಂದರು. ಬಾಗಿಲ ಹತ್ತಿರ ನಿಂತಿದ್ದ ನನಗೆ ಯಾರೋ ಕಪಾಳಕ್ಕೆ ಹೊಡೆದಂತಾಯಿತು. ಅದುವರೆಗೆ ಅತ್ತು ಅತ್ತು ಸೋತಿದ್ದ ಮೈಯಲ್ಲಿ ಸಿಟ್ಟು ಎಲ್ಲಿತ್ತೋ, ಏಕ್‌ದಂ ಎದ್ದು ನಿಂತಿತು.

ಆ ಸಿಟ್ಟು ಯಾಕೆ ಬಂತು ಎಂದು ಹೇಳಬೇಕಾದರೆ ನೂರಾ ಮೂರು ಎಂದರೆ ಏನೆಂದು ಮೊದಲು ಹೇಳಬೇಕು.

ನಾನು ಓದಿದ್ದು ಹತ್ತನೆಯವರೆಗೆ. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮಷೀನ್ ಇಟ್ಟುಕೊಂಡು ಹೆಂಗಸರ ಜಂಪರ್ ಹೊಲಿಯುತ್ತೇನೆ. ನನ್ನ ಮಗಳು ಸಂಜೆ ಬಸ್ಸಿಳಿದು ಬಂದು, ಕೈಕಾಲು ತೊಳೆದು, ಮಷೀನಿನ ಪಕ್ಕದಲ್ಲಿ ಕೂತು ಆ ದಿನದ ಪಾಠವನ್ನು ನನಗೆ ಹೇಳುತ್ತಿದ್ದಳು. ಅದು ಅವಳ ಓದುವ ರೀತಿ. “ನಿನಗ ತಿಳಿದ್ರ ನನಗ ತಿಳದೈತಿ ಅಂತ ಅರ್ಥ” ಎನ್ನುತ್ತಿದ್ದಳು. ಹೆಚ್ಚಿನದು ನನಗೆ ತಿಳಿಯುತ್ತಿರಲಿಲ್ಲ. ಆದರೆ ಶೇಕಡಾ ಇಳುವರಿಯ ಪಾಠ ಇವತ್ತಿಗೂ ಬಾಯಿಪಾಠವಿದ್ದಂತೆ ಇದೆ.

“ಯವ್ವಾ, ನಿನ್ನ ಹಂತ್ಯಾಕ ಎಂಟು ಜಂಪರಿನ ಅರಿವಿ ಐತಿ. ಹುಕ್ಕು ಮೂವತ್ತು ಅದಾವು. ಒಂದಕ್ಕ ಆರು ಹುಕ್ಕು ಬೇಕು. ಎಷ್ಟು ಜಂಪರ್ ಮುಗಸ್ತಿ?”

“ಐದು. ಆಮ್ಯಾಲೆ ನಿನ್ನ ಅಂಗಡಿಗೆ ಓಡಸ್ತೀನಿ.”

“ಅಂಗಡಿ ಬಂದ್ ಐತಿ ಬೇ.”

“ಹಂಗಾದ್ರ ಐದ.”

“ಅದ ನೋಡು. ಅರಿವಿ ಎಷ್ಟರ ಇರಲಿ, ಮೊದಲ ಯಾವುದು ತೀರತೈತೋ ಅದರ ಮ್ಯಾಲೆ ಲೆಕ್ಕ. ಐದು ಅನ್ನೋದು ಆಗಬೇಕಾದ್ದು. ಈಗ ನಿನ್ನ ಮಷೀನ್ ಒಂದನ್ನ ತಿಂದು ಹಾಳು ಮಾಡ್ತು ಅನ್ಕೋ. ಕೈಗೆ ನಾಕ ಬಂದ್ವು. ಕೈಗೆ ಬಂದದ್ದನ್ನ ಆಗಬೇಕಾದ್ದರಿಂದ ಭಾಗಿಸು, ನೂರರಿಂದ ಗುಣಿಸು. ಎಂಬತ್ತು. ಅಷ್ಟ, ಇದಕ್ಕ ಶೇಕಡಾ ಇಳುವರಿ ಅಂತಾರ.”

“ಇಷ್ಟಕ್ಕ ಅಷ್ಟು ದಪ್ಪ ಪುಸ್ತಕ ಬೇಕೇನು?”

“ಗಪ್ ಕೂಡ್ರಬೇ. ಈಗ ಕೇಳು. ಆರು ಜಂಪರ್ ಮಾಡೀನಿ ಅಂತ ನೀ ನನಗ ತೋರಿಸ್ದಿ. ಏನರ್ಥ?”

“ಒಂದು ಕದ್ದೀನಿ ಅಂತ.”

“ಕದ್ದಿರಬೇಕಂತ ಏನೈತಿ? ಮಗ್ಗಲಮನಿಯಾಕಿದು ನಿನ್ನ ಗಂಟಿನ್ಯಾಗ ಸೇರಿರಬಹುದು. ಗಂಟು ಬಿಚ್ಚಿ ನೋಡಬೇಕು. ನೂರಕ್ಕಿಂತ ಹೆಚ್ಚು ಬಂತಂದ್ರ ಬ್ಯಾರೇದೇನೋ ಕೂಡೈತಿ, ಅಷ್ಟ. ಬಹಳ ಸಲ ನೀರು ಇರತೈತಿ.”

ಲ್ಯಾಬಿನಲ್ಲಿ ಯಾವಾಗಲೂ ನೂರಕ್ಕೆ ನೂರು ಬರುವುದೇ ಇಲ್ಲವಂತೆ. ಒಂದಿಷ್ಟು ಗಾಜಿಗೆ ಅಂಟಿಕೊಳ್ಳುತ್ತದೆ, ಒಂದಿಷ್ಟು ಸೋಸುವ ಕಾಗದದಲ್ಲಿ ಉಳಿಯುತ್ತದೆ, ಒಂದಿಷ್ಟು ತೊಳೆದ ನೀರಿನ ಜೊತೆ ಹೋಗುತ್ತದೆ. ಎಷ್ಟು ಹೋಯಿತು ಎಂದು ತಿಳಿಯುವುದಕ್ಕೇ ಈ ಲೆಕ್ಕ. “ಕಳಕೊಂಡದ್ದು ಗೊತ್ತಾಗಬೇಕು ಬೇ, ಅದಕ್ಕ ತೂಗೋದು” ಅಂದಿದ್ದಳು.

ಆದರೆ ಅವಳ ಕಾಲೇಜಿನಲ್ಲಿ ಬೇರೆಯದೇ ರೂಢಿ ನಡೆದುಕೊಂಡು ಬಂದಿತ್ತು. ಮಾಡಿದ ಪದಾರ್ಥವನ್ನು ಒಣಗಿಸುವ ಒಲೆಪೆಟ್ಟಿಗೆ ಕೆಟ್ಟು ಮೂಲೆ ಸೇರಿತ್ತು. ಮಕ್ಕಳು ಸೋಸಿದ ಹರಳುಗಳನ್ನು ಕಾಗದದ ಸಮೇತ ಮಾಳಿಗೆಯ ಮೇಲೆ ಒಯ್ದು, ನಾವು ಸಂಡಿಗೆ ಒಣಹಾಕಿದಂತೆ ಬಿಸಿಲಿಗೆ ಇಡುತ್ತಿದ್ದರು. ಸಿಂಧನೂರಿನಲ್ಲಿ ಭತ್ತದ ಸುಗ್ಗಿ ಮುಗಿದ ಮೇಲೆ ರೈಸ್‌ಮಿಲ್ಲುಗಳು ಹಗಲೂ ರಾತ್ರಿ ನಡೆಯುತ್ತವೆ. ಹೊಟ್ಟು ಸುಟ್ಟ ಕರಿಬೂದಿ ಗಾಳಿಯಲ್ಲಿ ಬಂದು ಎಲ್ಲದರ ಮೇಲೂ ಕೂರುತ್ತದೆ. ಒಣಹಾಕಿದ ಬಟ್ಟೆಯ ಮೇಲೆ, ಕೊಡದ ನೀರಿನ ಮೇಲೆ, ಈ ಹರಳಿನ ಮೇಲೂ. ಚಳಿಗಾಲದ ಬಿಸಿಲಿಗೆ ಹರಳು ಒಣಗುವುದೂ ಅಷ್ಟಕ್ಕಷ್ಟೆ. ಹಾಗಾಗಿ ತೂಗಿದರೆ ಏನೇನೋ ಬರುತ್ತಿತ್ತು. ಅದಕ್ಕೆ ಹಿರಿಯ ಮಕ್ಕಳು ಕಿರಿಯರಿಗೆ ಒಂದು ಉಪಾಯ ಹೇಳಿಕೊಟ್ಟಿದ್ದರು: ತೂಗುವ ಗೋಜಿಗೆ ಹೋಗಬೇಡ, ಎಂಬತ್ತೆಂಟರಿಂದ ತೊಂಬತ್ತೈದರ ಒಳಗೆ ಯಾವುದಾದರೂ ಒಂದನ್ನು ಬರೆ, ಅಲ್ಲಿಂದ ತಿರುಗಿ ತೂಕದ ಲೆಕ್ಕ ಹೊಂದಿಸಿಕೋ. ಮೇಷ್ಟ್ರಿಗೂ ಗೊತ್ತಿತ್ತು. ಎಲ್ಲರಿಗೂ ಗೊತ್ತಿತ್ತು. ಎಲ್ಲರೂ ಪಾಸಾಗುತ್ತಿದ್ದರು.

ನನ್ನ ಮಗಳು ತೂಗಿದಳು.

ಪ್ರಾಕ್ಟಿಕಲ್ ಪರೀಕ್ಷೆಯ ದಿನ ಕೊಟ್ಟದ್ದು ಪಟಿಕ ಮಾಡುವ ಕೆಲಸ. ಕಾಲುವೆಯ ನೀರು ಕೆಂಪಗೆ ಕದಡಿ ಬಂದಾಗ ಕೊಡದಲ್ಲಿ ತಿರುಗಿಸುತ್ತೇವಲ್ಲ, ಅದೇ ಪಟಿಕ. ಕೊಟ್ಟ ರಾಸಾಯನಿಕದಿಂದ ಹೆಚ್ಚೆಂದರೆ ಹತ್ತು ಗ್ರಾಂ ಆಗಬೇಕು. ಅವಳದು ತೂಗಿದರೆ ಹತ್ತು ಗ್ರಾಮಿನ ಮೇಲೆ ಮೂರು ಪಾಯಿಂಟ್ ಬಂತು. ನೂರಕ್ಕೆ ನೂರಾ ಮೂರು. ಹೀಗಾಗುವುದು ಸಾಧ್ಯವಿಲ್ಲ ಎಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಆದರೂ ಬಂದದ್ದನ್ನು ಬರೆದಳು. ಕೆಳಗೆ ಎರಡು ಸಾಲು ಸೇರಿಸಿದಳು, ಹರಳು ಪೂರ್ತಿ ಒಣಗಿಲ್ಲ, ಮೇಲೆ ಮಿಲ್ಲಿನ ಬೂದಿ ಬಿದ್ದಿದೆ, ಅದಕ್ಕೆ ತೂಕ ಹೆಚ್ಚು ಬಂದಿದೆ ಎಂದು.

ಪರೀಕ್ಷೆಗೆ ಲಿಂಗಸುಗೂರಿನಿಂದ ಒಬ್ಬ ಮೇಷ್ಟ್ರು ಬಂದಿದ್ದರು. ಅವರು ಸಂಖ್ಯೆ ನೋಡಿ ಎಲ್ಲರಿಗೂ ಕೇಳುವಂತೆ ಅಂದರಂತೆ:

“ನೂರಕ್ಕ ನೂರಾ ಮೂರು! ಏನವಾ, ಕಿರಾಣಿ ಅಂಗಡಿ ಪಟಿಕ ಕುಟ್ಟಿ ಕೂಡಸೀಯೇನು?”

ಎಲ್ಲರೂ ನಕ್ಕರು. ಅವಳು, “ಇಲ್ರೀ ಸರ್, ಹಸಿ ಐತ್ರಿ, ಕೆಳಗ ಬರದೀನಿ ನೋಡ್ರಿ” ಅಂದಳು. ಅವರು ನೋಡಲಿಲ್ಲ. “ನಕಲು ಮಾಡಾಕೂ ಜರಾ ಬುದ್ಧಿ ಬೇಕು” ಎಂದು ಸೊನ್ನೆ ಹಾಕಿ ಮುಂದಿನವರ ಹತ್ತಿರ ಹೋದರು.

ಅವತ್ತು ಮನೆಗೆ ಬಂದವಳು ಅಳಲಿಲ್ಲ. ಚೀಲವನ್ನು ಗೋಡೆಗೆ ಒಗೆದಳು. “ತೂಗಲಾರದ ತೊಂಬತ್ನಾಕು ಬರದೋರೆಲ್ಲ ಶಾಣ್ಯಾರಂತ. ತೂಗಿದಾಕಿ ನಾ ಕಳ್ಳಿ ಅಂತ. ಕೇಳಿದೇನಬೇ?” ಮರುದಿನ ಹೋಗಿ ಕೇಳುತ್ತೇನೆ ಎಂದಳು. ಮರುದಿನ ಜ್ವರ ಬಂತು. ಡೆಂಗಿ ಅಂದರು. ಲಿಂಗಸುಗೂರಿನ ದವಾಖಾನೆಗೆ ಸೇರಿಸಿದೆವು. ಜ್ವರ ಇಳಿದ ಹೊತ್ತಿನಲ್ಲಿ ಅದೇ ಮಾತು: “ಎದ್ದ ಮ್ಯಾಲೆ ಹೋಗಿ ಕೇಳ್ತೀನಿ.” ಅವಳು ಏಳಲಿಲ್ಲ.

ಈಗ ಈ ಇಬ್ಬರು ಬಂದು ನನ್ನ ಮನೆಯ ಚಾಪೆಯ ಮೇಲೆ ಕೂತು, ಅವಳು ಬರೆಯದ ತೊಂಬತ್ತೆರಡನ್ನು ಅವಳ ಹೆಸರಿಗೆ ಹಚ್ಚಿ, ಅದನ್ನು ದಯೆ ಎಂದು ಹೇಳುತ್ತಿದ್ದರು.

ನಾನು ಬಾಗಿಲಿಂದ ಮುಂದೆ ಬಂದು ಕೇಳಿದೆ. “ತೊಂಬತ್ತೆರಡು ಅಂತ ಯಾರು ತೂಗಿದ್ರಿ?”

ಮುಖ್ಯಸ್ಥರು ಗಾಬರಿಯಾದರು. “ತೂಗೋದೇನೈತ್ರಿ ಅಮ್ಮಾರ, ಅದು... ಒಂದು ಅಂದಾಜಿಗೆ. ಪಾಪ, ಹುಡುಗಿ ಒಂದು ತಪ್ಪು ಮಾಡಿದ್ಲು, ನಾವೂ ಅದನ್ನ ಮನಸಿನ್ಯಾಗ ಇಟ್ಕೊಂಡಿಲ್ಲ. ಮಾಫ್ ಮಾಡಿಬಿಟ್ಟೀವಿ.”

“ಏನು ತಪ್ಪು ಮಾಡಿದ್ಲು?”

ನನ್ನ ಗಂಡ, “ನೀ ಒಳಗ ಹೋಗು” ಅಂದ. ಹೋದೆ. ಆದರೆ ಅವರು ಹೊರಡುವಾಗ ಹೇಳಿದ ಮಾತು ಕಿವಿಗೆ ಬಿತ್ತು. ನಾಡಿದ್ದು ಕಡೆಯ ಬ್ಯಾಚಿನ ಪರೀಕ್ಷೆ, ಅದು ಮುಗಿದ ಮೇಲೆ ಎಲ್ಲರ ಅಂಕ ಒಟ್ಟಿಗೆ ವಿಶ್ವವಿದ್ಯಾಲಯಕ್ಕೆ ಹೋಗುತ್ತದೆ. ಒಮ್ಮೆ ಹೋಯಿತೆಂದರೆ ಮುಗಿಯಿತು, ನನ್ನ ಮಗಳು ಎಲ್ಲರ ಹಾಗೆ ಸುಳ್ಳು ಬರೆದವಳಾಗಿ ಉಳಿಯುತ್ತಾಳೆ. ಅವಳ ಕೊನೆಯ ಜಗಳವನ್ನೂ ಸೋತವಳಾಗಿ.

ರಾತ್ರಿ ಊಟಕ್ಕೆ ನೆಂಟರ ಮನೆಯಿಂದ ಬುತ್ತಿ ಬಂದಿತ್ತು. ಯಾರೂ ಸರಿಯಾಗಿ ಉಣ್ಣಲಿಲ್ಲ. ನಾನು ನಾಳೆ ಸಿಂಧನೂರಿಗೆ ಹೋಗುತ್ತೇನೆ ಎಂದೆ.

“ಇನ್ನ ದಿನಕಾರ್ಯ ಮುಗದಿಲ್ಲ. ಹೆತ್ತಾಕಿ ಬೀದಿಗೆ ಬಿದ್ದಾಳ ಅಂತಾರ ಮಂದಿ” ಅಂದರು ಅತ್ತೆ.

“ಅನ್ನಲಿ.”

ಗಂಡ ಕೇಳಿದ. “ಪಾಸ್ ಮಾಡ್ಯಾರ. ಇನ್ನ ಏನ್ ಬೇಕು ನಿನಗ? ಫೇಲ್ ಮಾಡ್ರಿ ಅಂತ ಕೇಳಾಕ ಹೊಂಟೀಯೇನು?”

“ಹೂಂ.”

ಅವನು ನನ್ನ ಮುಖವನ್ನೇ ನೋಡಿದ. ದುಃಖಕ್ಕೆ ತಲೆ ಕೆಟ್ಟಿದೆ ಎಂದುಕೊಂಡಿರಬೇಕು. ನನ್ನ ತಲೆ ಆ ದಿನಗಳಲ್ಲಿ ಎಂದೂ ಇಲ್ಲದಷ್ಟು ಸರಿಯಾಗಿತ್ತು.

ಬೆಳಗಿನ ಬಸ್ಸಿಗೆ ಹೋದೆ. ಅವಳು ಹತ್ತುತ್ತಿದ್ದ ಬಸ್ಸು. ಕಾಲೇಜಿನಲ್ಲಿ ಮುಖ್ಯಸ್ಥರು ನನ್ನನ್ನು ಕಂಡು ಎದ್ದು ನಿಂತು ಕುರ್ಚಿ ಕೊಟ್ಟರು. ಮರ್ಯಾದೆಗೆ ಏನೂ ಕಡಿಮೆ ಮಾಡಲಿಲ್ಲ. ಚಹಾ ತರಿಸಿದರು. ನಾನು ಹೇಳಿದ್ದನ್ನು ಪೂರ್ತಿ ಕೇಳಿ, “ಅಮ್ಮಾರ, ಸತ್ತ ಕೂಸಿನ ಅಂಕಕ್ಕ ಯಾರರ ಜಗಳ ಮಾಡ್ತಾರೇನ್ರಿ? ಇದರಿಂದ ನಿಮಗೇನು ಫಾಯದೆ?” ಅಂದರು.

ಫಾಯದೆ! ಬದುಕಿದ್ದವಳನ್ನು ಇಡೀ ಲ್ಯಾಬಿನ ಮುಂದೆ ಕಳ್ಳಿ ಎಂದಾಗ ಇವರು ಅಲ್ಲೇ ನಿಂತಿದ್ದರು. ಒಣಗಿಸುವ ಪೆಟ್ಟಿಗೆ ಕೆಟ್ಟಿದೆ, ಮಾಳಿಗೆಯ ಮೇಲೆ ಬೂದಿ ಬೀಳುತ್ತದೆ, ಹುಡುಗಿ ಹೇಳುವುದು ಖರೆ ಇದೆ ಎಂದು ಒಂದು ಮಾತು ಆಡಿದ್ದರೆ ಮುಗಿಯುತ್ತಿತ್ತು. ಆ ಮಾತು ಆಗ ಬರಲಿಲ್ಲ. ಈಗ ದಯೆ ಬಂದಿತ್ತು.

“ಅದು ನನ್ನ ಕೈಯಾಗ ಇಲ್ರಿ. ಹೊರಗಿಂದ ಬಂದ ಸರ್ ಒಪ್ಪಬೇಕು” ಎಂದು ಮುಖ್ಯಸ್ಥರು ಲಿಂಗಸುಗೂರಿನ ಮನೆಯ ಗುರುತು ಹೇಳಿದರು. ನಾನು ಹೋಗಲಾರೆ ಎಂದುಕೊಂಡು ಹೇಳಿದರೇನೋ. ಅಲ್ಲಿಂದಲೇ ಲಿಂಗಸುಗೂರಿನ ಬಸ್ಸು ಹತ್ತಿದೆ. ಬಸ್ಸು ಮಸ್ಕಿಯಲ್ಲಿ ನಿಂತಾಗ ನಮ್ಮ ಓಣಿಯ ಹೆಂಗಸೊಬ್ಬಳು ಕೆಳಗಿನಿಂದ ನನ್ನನ್ನು ಕಂಡು, “ಎಲ್ಲಿಗೆ ಹೊಂಟೀ ಬೇ, ಹಿಂತಾದ್ರಾಗ?” ಎಂದು ಕೂಗಿದಳು. ನಾನು ಮುಖ ತಿರುಗಿಸಿ ಕೂತೆ.

ಪರೀಕ್ಷೆ ಮಾಡಿದ ಮೇಷ್ಟ್ರು ವಯಸ್ಸಾದವರು. ಹಣೆಯಲ್ಲಿ ವಿಭೂತಿ, ಮೈಮೇಲೆ ಶಾಲು. ನಾನು ಯಾರೆಂದು ಹೇಳಿದ ಕೂಡಲೇ ಅವರ ಮುಖ ಸಣ್ಣದಾಯಿತು. “ಬರ್ರಿ, ಕೂಡ್ರಿ. ಭಾಳ ಕೆಟ್ಟಾತು. ಸುದ್ದಿ ಕೇಳಿ ನನಗ ಎರಡು ದಿನ ಊಟ ಸೇರಿಲ್ಲ” ಅಂದರು. ಸುಳ್ಳಲ್ಲ ಎಂದೇ ಅನಿಸಿತು. ಆದರೂ ನನ್ನ ಸಿಟ್ಟು ಇಳಿಯಲಿಲ್ಲ.

“ಆಕಿ ನೂರಾ ಮೂರು ಬರದಿದ್ಲ್ರೀ ಸರ್. ಅದನ್ನ ತಿರುಗಿ ಹಾಕ್ರಿ.”

“ಹಾಕಿದ್ರ ಸೊನ್ನಿ ಕೊಡಬೇಕಾಗ್ತೈತ್ರಿ. ಫೇಲ್ ಆಗ್ತಾಳ.”

“ಆಗಲಿ.”

“ಹೋದ ಕೂಸಿಗೆ ಸೊನ್ನಿ ಹಾಕಾಕ ನನ್ನ ಕೈ ಬರಾಂಗಿಲ್ಲ ತಂಗಿ.”

“ಇದ್ದಾಗ ಬಂತಲ್ರೀ ನಿಮ್ಮ ಕೈ.”

ಅವರು ಶಾಲಿನ ತುದಿ ಹಿಡಿದುಕೊಂಡರು. ಒಳಗಿನಿಂದ ಅವರ ಹೆಂಡತಿ ಬಂದು ನೀರಿಟ್ಟು, ನಮ್ಮಿಬ್ಬರನ್ನೂ ನೋಡಿ ತಿರುಗಿ ಹೋದರು.

“ಕೆಳಗ ಎರಡು ಸಾಲು ಬರದಿದ್ಲು. ಓದಿದ್ರೇನು?” ಎಂದೆ.

“ಇಲ್ಲ. ಓದಿಲ್ಲ.” ಆಮೇಲೆ ಅವರೇ ಕೇಳಿದರು: “ಈಗ ನಾ ಏನು ಮಾಡಬೇಕು? ಎಷ್ಟು ಹಾಕಬೇಕು, ನೀವ ಹೇಳ್ರಿ.”

“ಎಷ್ಟು ಅಂತ ನನಗೇನು ಗೊತ್ರಿ? ನಾ ಹತ್ತನೇತ್ತಾ ಓದಿದಾಕಿ. ಆಕಿ ಇನ್ನೂ ಬದುಕ್ಯಾಳ, ನಾಳೆ ಬಂದು ನಿಮ್ಮ ಮುಂದ ನಿಂದರತಾಳ ಅಂತ ತಿಳ್ಕೊಂಡು ಹಾಕ್ರಿ.”

“ಬದುಕಿದ್ದು, ನಾ ಆ ಎರಡು ಸಾಲು ಓದಿದ್ದೆ ಅಂದ್ರ,” ಅಂದರು ನಿಧಾನವಾಗಿ, “ಒಣಗಿಸಿ ಇನ್ನೊಮ್ಮೆ ತೂಗು ಅಂತಿದ್ದೆ.”

“ಅಂದ್ರಿಲ್ಲಲ್ಲ.”

“ಅನ್ಲಿಲ್ಲ. ಖರೆ.” ಆಮೇಲೆ ಅವರು ಹೇಳಿದ್ದು ನನಗೆ ಗೊತ್ತೇ ಇರಲಿಲ್ಲ. ಪರೀಕ್ಷೆಯಲ್ಲಿ ಮಕ್ಕಳು ಮಾಡಿದ್ದನ್ನು ಕಾಗದದ ಪೊಟ್ಟಣದಲ್ಲಿ ಕಟ್ಟಿ, ಮೇಲೆ ತಮ್ಮ ನಂಬರು ಬರೆದು ಕೊಟ್ಟಿರುತ್ತಾರೆ. ಎಲ್ಲ ಬ್ಯಾಚು ಮುಗಿಯುವವರೆಗೆ ಅವು ಲ್ಯಾಬಿನಲ್ಲೇ ಇರುತ್ತವೆ. “ನಾಳೆ ನಾ ಅಲ್ಲೇ ಇರ್ತೀನಿ. ಬರ್ರಿ.”

ಮರುದಿನ ನನ್ನ ಗಂಡ ತಾನೂ ಅಂಗಿ ಹಾಕಿಕೊಂಡು ನಿಂತ. ಏನೂ ಕೇಳಲಿಲ್ಲ.

ಕಡೆಯ ಬ್ಯಾಚಿನ ಮಕ್ಕಳು ಹೊರಟುಹೋದ ಮೇಲೆ ನಮ್ಮನ್ನು ಲ್ಯಾಬಿನೊಳಗೆ ಕರೆದರು. ನಾನು ಅಲ್ಲಿಗೆ ಕಾಲಿಟ್ಟದ್ದು ಅದೇ ಮೊದಲು. ಉದ್ದನೆಯ ಕಲ್ಲಿನ ಮೇಜುಗಳು, ಮೂಗಿಗೆ ಚುರುಕೆನ್ನುವ ವಾಸನೆ. ಇದೇ ವಾಸನೆ ಅವಳ ದುಪಟ್ಟಾದಲ್ಲಿ ಮನೆಗೆ ಬರುತ್ತಿತ್ತು. ಕಿಟಕಿಯ ಕಟ್ಟೆಯ ಮೇಲೆ ಬೂದಿ ಬೆರಳಿಗೆ ಹತ್ತುವಷ್ಟು ಕೂತಿತ್ತು.

ಮುಖ್ಯಸ್ಥರು ರಟ್ಟಿನ ಡಬ್ಬಿಯೊಂದನ್ನು ತಂದು ಹುಡುಕಿ ಅವಳ ಪೊಟ್ಟಣ ತೆಗೆದರು. ನಂಬರು ಅವಳ ಕೈಬರಹ. ಲಿಂಗಸುಗೂರಿನ ಮೇಷ್ಟ್ರು ಅದನ್ನು ಬಿಚ್ಚಿದರು. ಸಕ್ಕರೆಗಿಂತ ದಪ್ಪನೆಯ, ತಿಳಿಯಾದ ಹರಳುಗಳು, ನಡುನಡುವೆ ಕರಿ ಚುಕ್ಕೆ. ನನ್ನ ಗಂಡ ಒಂದು ಹರಳನ್ನು ಮುಟ್ಟಲು ಕೈ ಚಾಚಿದ.

“ಮುಟ್ಟಬ್ಯಾಡ್ರಿ,” ಅಂದೆ ನಾನೇ. “ಬೆವರು ಹತ್ತತೈತಿ.”

ಅವನು ಕೈ ಹಿಂದಕ್ಕೆ ತೆಗೆದುಕೊಂಡು ಬೆನ್ನ ಹಿಂದೆ ಕಟ್ಟಿಕೊಂಡ.

ತಕ್ಕಡಿ ಮಷೀನಿನದು, ಗಾಜಿನ ಬಾಗಿಲಿನದು. ಹರಳು ಸುರಿದು ಬಾಗಿಲು ಮುಚ್ಚಿದರು. ಕೆಂಪು ಅಂಕಿಗಳು ಮೇಲೆ ಕೆಳಗೆ ಓಡಾಡಿ ನಿಂತವು. ಎಂಟು ಗ್ರಾಮಿನ ಮೇಲೆ ನಾಲ್ಕು ಪಾಯಿಂಟ್. ಹತ್ತಕ್ಕೆ ಎಂಟೂ ನಾಲ್ಕು, ನೂರಕ್ಕೆ ಎಂಬತ್ನಾಲ್ಕು. ಯಾರೂ ಹೇಳಬೇಕಾಗಿರಲಿಲ್ಲ, ನಾನೇ ಲೆಕ್ಕ ಹಾಕಿದೆ. ಕಡಿಮೆಯಾದದ್ದೆಲ್ಲ ನೀರು. ಅವಳು ಬರೆದಂತೆಯೇ, ಬರೀ ನೀರು. ಪೊಟ್ಟಣದಲ್ಲಿ ಕಟ್ಟಿಟ್ಟದ್ದು ಇಷ್ಟು ದಿನಗಳಲ್ಲಿ ತನ್ನಷ್ಟಕ್ಕೆ ಆರಿಹೋಗಿತ್ತು. ಅವಳು ಕಳ್ಳಿಯಲ್ಲ ಎಂದು ತಿಳಿಯಲು ಬೇಕಾಗಿದ್ದದ್ದು ಒಂದು ಕೆಲಸ ಮಾಡುವ ಒಲೆಪೆಟ್ಟಿಗೆ, ಇಲ್ಲವೆ ಎರಡು ಸಾಲು ಓದುವಷ್ಟು ತಾಳ್ಮೆ. ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ.

ಮೇಷ್ಟ್ರು ತೊಂಬತ್ತೆರಡನ್ನು ಹೊಡೆದುಹಾಕಿ ಅವಳ ನೂರಾ ಮೂರನ್ನು ತಿರುಗಿ ಬರೆದರು. ಅದರ ಪಕ್ಕದಲ್ಲಿ, ಒಣಗಿದ ಮೇಲೆ ಎಂಬತ್ನಾಲ್ಕು ಎಂದು ಬರೆದು ಸಹಿ ಮಾಡಿದರು. ತೂಕಕ್ಕೆ ಇದ್ದ ಅಂಕದಲ್ಲಿ ಅರ್ಧ ಕಳೆದು, ಕಾರಣ ಸರಿ ಬರೆದದ್ದಕ್ಕೆ ಪೂರ್ತಿ ಕೊಟ್ಟರು. “ಬದುಕಿದ್ರೂ ಇಷ್ಟ ಕೊಡ್ತಿದ್ದೆ. ಒಂದೀಟೂ ಹೆಚ್ಚಲ್ಲ” ಅಂದರು. ಕೂಡಿಸಿದರೆ ಹೇಗೋ ಪಾಸಾಗುವಷ್ಟು ಆಯಿತು. ನಾನು ತಲೆಯಾಡಿಸಿದೆ. ಕೈ ಮುಗಿಯಲಿಲ್ಲ.

ಡಬ್ಬಿ ಇನ್ನೂ ಮೇಜಿನ ಮೇಲೆ ತೆರೆದೇ ಇತ್ತು. ಅವಳ ಜೊತೆಯವರ ಪೊಟ್ಟಣಗಳು ಸಾಲಾಗಿ ಕೂತಿದ್ದವು. ಅವಳನ್ನು ನೋಡಿ ನಕ್ಕವರವು, ತೂಗದೆ ತೊಂಬತ್ನಾಲ್ಕು ಬರೆದವರವು. ನಾನು ಕೈಗೆ ಸಿಕ್ಕ ಒಂದನ್ನು ಎತ್ತಿ ತಕ್ಕಡಿಯ ಪಕ್ಕದಲ್ಲಿಟ್ಟೆ.

“ಇದನ್ನೂ ತೂಗ್ರಿ.”

ಇಬ್ಬರು ಮೇಷ್ಟ್ರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮುಖ್ಯಸ್ಥರು ಮೆಲ್ಲಗೆ ಅಂದರು: “ಬ್ಯಾಡ್ರಿ ಅಮ್ಮಾರ. ಅವು ಬದುಕಿರೋ ಹುಡುಗರ್ವು. ಮುಂದ ಅವರ ಬಾಳೆವು ಐತಿ.”

ಹಾಗಾದರೆ ಇವರ ಲೆಕ್ಕದಲ್ಲಿ ಖರೆ ಎಂಬುದು ಸತ್ತವರಿಗೆ ಮಾತ್ರ ಕೊಡಬಹುದಾದದ್ದು. ಬದುಕಿರುವವರಿಗೆ ಅದು ದುಬಾರಿ. ನನ್ನ ಮಗಳು ಬದುಕಿದ್ದಾಗಲೇ ಅದನ್ನು ಬರೆದಿದ್ದಳಲ್ಲ, ಅವಳಿಗೇನು ಬಾಳೆವು ಇರಲಿಲ್ಲವೆ?

ಪೊಟ್ಟಣ ನನ್ನ ಕೈಕೆಳಗೇ ಇತ್ತು. ಯಾರದೋ ದುಂಡಗಿನ ಅಕ್ಷರದ ನಂಬರು. ಎಲ್ಲಿಯ ಹುಡುಗಿಯೋ, ತುರ್ವಿಹಾಳದಿಂದಲೋ ಎಲ್ಲಿಂದಲೋ ಬಸ್ಸು ಹತ್ತಿ ಬರುವವಳು, ಸಂಜೆ ಹೋಗಿ ತಾಯಿಯ ಮುಂದೆ ಕೂರುವವಳು. ನಾನು ಜಿದ್ದು ಹಿಡಿದಿದ್ದರೆ ಲಿಂಗಸುಗೂರಿನ ಮೇಷ್ಟ್ರು ತೂಗುತ್ತಿದ್ದರು. ಅವರ ಕೈ ಆಗಲೇ ತಕ್ಕಡಿಯ ಬಾಗಿಲ ಮೇಲಿತ್ತು.

“ತೂಗಬೇಕೇನು?” ಎಂದು ನನ್ನನ್ನೇ ಕೇಳಿದರು.

ನಾನು ಅದನ್ನು ಎತ್ತಿ ಡಬ್ಬಿಯಲ್ಲಿ ಅದರ ಜಾಗಕ್ಕೆ ಇಟ್ಟೆ. “ಅದು ನೀವು ಮಾಡೋ ಕೆಲಸ್ರಿ. ನನ್ನನ್ಯಾಕ ಕೇಳ್ತೀರಿ?” ಎಂದೆ. ನನ್ನ ದನಿ ಕಾರಿಡಾರಿನವರೆಗೆ ಕೇಳಿಸಿರಬೇಕು, ಬಾಗಿಲಲ್ಲಿ ಯಾರೋ ಇಣುಕಿದರು. ಗಂಡ ನನ್ನ ಮೊಣಕೈ ಹಿಡಿದುಕೊಂಡ. ನಾವು ಹೊರಡುವಾಗ ಮುಖ್ಯಸ್ಥರು ಡಬ್ಬಿಯ ಮುಚ್ಚಳ ಹಾಕುತ್ತಿದ್ದರು.